ಬಾಡಿಗೆ ಮನೆಯ ಗೋಡೆ ಹಸಿಯಾದರೆ ಏನು ಕೊಳ್ಳಬೇಕು, ಯಾರನ್ನು ಕರೆಸಬೇಕು: ಸೋರಿಕೆ ಪತ್ತೆ ಸೇವೆಯ ವಿಮರ್ಶೆ

ಮಳೆಗಾಲ ಬಂತೆಂದರೆ ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: “ಅಣ್ಣಾ, ಗೋಡೆ ಹಸಿಯಾಗ್ತಿದೆ, ಬೂಷ್ಟು ಬರ್ತಿದೆ, ಏನು ಹಚ್ಚೋದು?” ಅಂಗಡಿಯವರು ಒಂದು ಡಬ್ಬ ತೆಗೆದುಕೊಡುತ್ತಾರೆ. ಸ್ವಂತ ಮನೆಯವರಿಗೆ ಅದು ಅವರವರ ದುಡ್ಡಿನ ವಿಷಯ. ಬಾಡಿಗೆಗೆ ಇರುವವರಿಗೆ ಮಾತ್ರ ಅದರಿಂದ ಎರಡು ನಷ್ಟ. ಡಬ್ಬದ ಖರ್ಚು ಒಂದು, ನೀರು ಎಲ್ಲಿಂದ ಬಂತು ಎಂಬ ಗುರುತನ್ನು ಕೈಯಾರೆ ಅಳಿಸಿಹಾಕಿದ್ದು ಇನ್ನೊಂದು. ರಿಪೇರಿ ಯಾರ ಜೇಬಿನಿಂದ ಆಗಬೇಕು ಎನ್ನುವುದು ನೀರು ಬರುವ ದಾರಿಯ ಮೇಲೆ ನಿಂತಿದೆ. ಆದ್ದರಿಂದ ಇಲ್ಲಿ ಪ್ರತಿ ಸಾಮಾನನ್ನೂ ಪ್ರತಿ ಸೇವೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಇದು ಕಾರಣವನ್ನು ತೋರಿಸುತ್ತದೆಯೇ, ಮುಚ್ಚಿಹಾಕುತ್ತದೆಯೇ?

ಮೊದಲು ಕಾಸು ಬಿಚ್ಚದೆ ಆಗುವ ಪರೀಕ್ಷೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನಿಂದ ಒಂದಡಿ ಚೌಕ ಕತ್ತರಿಸಿ. ಕಲೆಯ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಫಾಯಿಲನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಬಿಚ್ಚುವಾಗ ಗೋಡೆ ಕಡೆಯ ಮೈಯಲ್ಲಿ ಸಣ್ಣ ಹನಿಗಳು ಕೂತಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಹಿಂಭಾಗ ಒಣಗಿದ್ದು, ಕೋಣೆಯ ಕಡೆಯ ಮೈ ಮಬ್ಬಾಗಿ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಡಿಸ್ಟೆಂಪರ್ ಪುಡಿ ಉದುರುವ ಗೋಡೆಗೆ ಟೇಪ್ ನಿಲ್ಲುವುದಿಲ್ಲ, ಅಂಚಿನ ಪಟ್ಟಿಯಷ್ಟನ್ನು ಮೊದಲೇ ಉಜ್ಜಿ ಪುಡಿ ತೆಗೆಯಬೇಕು. ಒಂದು ಅಂಚು ಬಿಟ್ಟುಕೊಂಡಿದ್ದರೂ ಫಲಿತಾಂಶವನ್ನು ನಂಬುವಂತಿಲ್ಲ, ಮತ್ತೆ ಮಾಡಿ. ಅಂಟಿಸಿದಾಗ ಒಂದು, ಬಿಚ್ಚಿದ ತಕ್ಷಣ ಒಂದು ಫೋಟೊ ತೆಗೆದಿಡಿ. ಮುಂದೆ ಕೆಲಸಕ್ಕೆ ಬರುತ್ತವೆ.

ಇದರ ಜೊತೆಗೆ ಕೊಳ್ಳಬೇಕಾದ ಒಂದೇ ಒಂದು ಉಪಕರಣ ಡಿಜಿಟಲ್ ಹೈಗ್ರೊಮೀಟರ್, ಅಂದರೆ ಗಾಳಿಯ ತೇವಾಂಶ ಮತ್ತು ಉಷ್ಣತೆ ತೋರಿಸುವ ಅಂಗೈಯಗಲದ ಡಬ್ಬಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದು ಬಾಡಿಗೆದಾರರ ಕೈಗೆ ಕೊಡುವ ಉತ್ತರ ಅದರ ಬೆಲೆಗಿಂತ ಬಹಳ ದೊಡ್ಡದು. ಬೂಷ್ಟಿನ ಮಾತೆತ್ತಿದ ಕೂಡಲೇ ಓನರ್ ಬಾಯಿಂದ ಬರುವ ಮೊದಲ ಮಾತು “ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಒಳಗೇ ಒಣಗಿಸ್ತೀರ” ಎನ್ನುವುದು. ಕೆಲವೊಮ್ಮೆ ಅದು ನಿಜವೂ ಹೌದು. ಬೆಳಿಗ್ಗೆ 7ಕ್ಕೆ, ರಾತ್ರಿ 9ಕ್ಕೆ, ಏಳು ದಿನ ಅಂಕಿ ಬರೆದಿಡಿ. ಕೋಣೆಯಲ್ಲಿ 24 ಡಿಗ್ರಿ, ತೇವಾಂಶ ಶೇ 60 ಇದ್ದರೆ ಗೋಡೆಯ ಮೈ ಸುಮಾರು 16 ಡಿಗ್ರಿಗೆ ಇಳಿದಾಗ ಮಾತ್ರ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಮನೆಯ ಒಳಗೋಡೆ ಅಷ್ಟು ತಣ್ಣಗಾಗುವುದಿಲ್ಲ. ಅಂಥ ಅಂಕಿಗಳಿದ್ದೂ ಗೋಡೆ ಒದ್ದೆಯಾಗಿದ್ದರೆ ಕಿಟಕಿಯ ತಪ್ಪಲ್ಲ, ನೀರು ಬೇರೆಲ್ಲಿಂದಲೋ ಬರುತ್ತಿದೆ. ಅದೇ ಅಂಕಿ ದಿನವೂ ಶೇ 80 ದಾಟುತ್ತಿದ್ದರೆ, ಬೂಷ್ಟು ಬೀರುವಿನ ಹಿಂದೆ ಮತ್ತು ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕಿಯಾಗಿ ಬಂದಿದ್ದರೆ, ಓನರ್ ಮಾತನ್ನು ಒಪ್ಪಿಕೊಳ್ಳುವುದೇ ಸರಿ. ಬೀರುವನ್ನು ಗೋಡೆಯಿಂದ ನಾಲ್ಕು ಅಂಗುಲ ಮುಂದಕ್ಕೆಳೆದು, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಎರಡು ಸೂಜಿ ಚುಚ್ಚಿ ನೋಡುವ ಮಾಯಿಶ್ಚರ್ ಮೀಟರನ್ನು ಆನ್‌ಲೈನಿನಲ್ಲಿ ಎಲ್ಲರೂ ಹೊಗಳುತ್ತಾರೆ. ಬಾಡಿಗೆದಾರರು ಸ್ವಂತಕ್ಕೆ ಕೊಳ್ಳಬೇಕಾಗಿಲ್ಲ. ಅದರ ಶೇಕಡಾ ಅಂಕಿಗಳನ್ನು ಹೆಚ್ಚಾಗಿ ಮರಕ್ಕೆಂದು ಹೊಂದಿಸಿರುತ್ತಾರೆ, ಗಾರೆಯ ಮೇಲೆ ಅದೇ ಅಂಕಿಗೆ ಅರ್ಥವಿಲ್ಲ. ಗೋಡೆಯಲ್ಲಿ ಉಪ್ಪು ಬಂದಿದ್ದರೆ ಒಣಗಿದ ಜಾಗವೂ ಒದ್ದೆ ಎಂದು ತೋರಿಸುತ್ತದೆ. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆಗೂ ನಡುವೆ ಗಾರೆಯೊಳಗೆ ಹಾಕುವ ತಂತಿಬಲೆ ಸಿಕ್ಕಿದರೂ ಹಾಗೆಯೇ. ಅದೇ ಕೋಣೆಯ ಒಣ ಗೋಡೆಯ ಅಂಕಿಯ ಪಕ್ಕದಲ್ಲಿ ಇಟ್ಟು ಓದಿದಾಗ ಮಾತ್ರ ಅದು ಮಾತಾಡುತ್ತದೆ. ಆ ಕೆಲಸ ಪತ್ತೆ ಮಾಡಲು ಬರುವವರದು.

ಇನ್ನು ಆ ಪತ್ತೆ ಸೇವೆಯ ವಿಷಯ. ನಗರದಲ್ಲಿ ಎರಡು ಬಗೆಯವರು ಸಿಗುತ್ತಾರೆ. ವಾಟರ್‌ಪ್ರೂಫಿಂಗ್ ಗುತ್ತಿಗೆ ಮಾಡುವವರು ಉಚಿತ ತಪಾಸಣೆ ಎಂದು ಬರುತ್ತಾರೆ. ಪತ್ತೆಗೆ ಮಾತ್ರ ಶುಲ್ಕ ಪಡೆಯುವವರು ಇನ್ನೊಂದು ಬಗೆ. ಬಾಡಿಗೆದಾರರಿಗೆ ಉಚಿತದ್ದು ಹೆಚ್ಚು ದುಬಾರಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಗ್ರೌಟಿಂಗ್, ಅಂದರೆ ಬಿರುಕು ಮತ್ತು ಸಂದುಗಳಿಗೆ ಸಿಮೆಂಟ್ ಅಥವಾ ರಾಸಾಯನಿಕ ತುಂಬುವ ಕೆಲಸ, ಮಾರುವವರ ಕಣ್ಣಿಗೆ ಪ್ರತಿ ಗೋಡೆಗೂ ಗ್ರೌಟಿಂಗ್ ಬೇಕಾಗಿಯೇ ಕಾಣುತ್ತದೆ. ಕೊನೆಗೆ ಕೈಗೆ ಸಿಗುವುದು ಕೊಟೇಶನ್ ಮಾತ್ರ, ಕಾರಣ ಬರೆದ ವರದಿ ಸಿಗುವುದಿಲ್ಲ. ಓನರ್ ಮುಂದೆಯಾಗಲಿ ಮುಂದೆ ನ್ಯಾಯಾಲಯದಲ್ಲಾಗಲಿ ಕೊಟೇಶನ್ ಏನನ್ನೂ ಸಾಬೀತು ಮಾಡುವುದಿಲ್ಲ.

ಶುಲ್ಕ ಕೊಟ್ಟು ಕರೆಸಿದರೂ ಬಂದವರು ಕ್ಯಾಮೆರಾ ತೋರಿಸಿ ಹತ್ತು ನಿಮಿಷದಲ್ಲಿ ಹೊರಟರೆ ದುಡ್ಡು ದಂಡ. ಥರ್ಮಲ್ ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಮೇಲ್ಮೈಯ ಉಷ್ಣತೆಯ ವ್ಯತ್ಯಾಸವನ್ನು ಮಾತ್ರ ಬಣ್ಣದಲ್ಲಿ ತೋರಿಸುತ್ತದೆ. ಬಿಸಿಲು ಬಿದ್ದ ಪಶ್ಚಿಮದ ಗೋಡೆಯ ಮಧ್ಯಾಹ್ನದ ಚಿತ್ರದಿಂದ, ಗೀಸರ್ ಪೈಪು ಹಾದುಹೋಗುವ ಗೋಡೆಯ ಬೆಳಗಿನ ಚಿತ್ರದಿಂದ ಏನೂ ತೀರ್ಮಾನ ಆಗದು. ಕ್ಯಾಮೆರಾ ಅನುಮಾನದ ಜಾಗ ತೋರಿಸಬೇಕು, ಮೀಟರ್ ಅದನ್ನು ಒಪ್ಪಬೇಕು, ಆಮೇಲೆ ನೀರಿನ ಪರೀಕ್ಷೆ ನಡೆಯಬೇಕು.

ನೀರಿನ ಪರೀಕ್ಷೆಯ ಕ್ರಮವನ್ನು ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಮೋಸವೂ ಅವಸರವೂ ಇಲ್ಲೇ ಆಗುವುದು. ಬಚ್ಚಲಿಗೆ ಆತುಕೊಂಡ ಬೆಡ್‌ರೂಮ್ ಗೋಡೆಯನ್ನೇ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟುಗಳಲ್ಲಿ ಇದೇ ಹೆಚ್ಚು. ಮೊದಲು ಎರಡು ದಿನ ಆ ಬಚ್ಚಲು ಬಳಸದೆ ಬಿಟ್ಟು, ಗೋಡೆಯ ಅಂಕಿ ಬರೆದುಕೊಳ್ಳಬೇಕು. ಬಳಸದಿದ್ದರೂ ತೇವ ಏರುತ್ತಲೇ ಇದ್ದರೆ ಗೋಡೆಯೊಳಗಿನ ಸಪ್ಲೈ ಪೈಪಿನ ಮೇಲೆ ಅನುಮಾನ, ಅದರಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದೆ. ಗೇಟ್ ವಾಲ್ವ್ ಮುಚ್ಚಿ, ನಲ್ಲಿಯ ಜಾಗಕ್ಕೆ ಪ್ರೆಶರ್ ಗೇಜ್ ಕೂರಿಸಿ, ಪಂಪಿನಿಂದ ಒತ್ತಡ ಏರಿಸಿ ಅರ್ಧ ಗಂಟೆ ನೋಡುತ್ತಾರೆ. ಮುಳ್ಳು ಇಳಿಯತೊಡಗಿದರೆ ಪೈಪು ಒಡೆದಿದೆ. ವಾಲ್ವೇ ಸರಿಯಾಗಿ ಮುಚ್ಚದಿದ್ದರೂ ಮುಳ್ಳು ಇಳಿಯುತ್ತದೆ, ಅದನ್ನು ಮೊದಲು ಪರೀಕ್ಷಿಸದವರ ಮಾತು ನಂಬಬೇಡಿ. ಪೈಪು ಗಟ್ಟಿ ಇದ್ದರೆ ಮುಂದಿನದು ಚರಂಡಿ: ನೆಲ ಒದ್ದೆಯಾಗದಂತೆ ಕೊಳವೆ ಇಟ್ಟು ನೇರ ನಹಾನಿ ಟ್ರ್ಯಾಪಿಗೆ (ಬಚ್ಚಲ ನೆಲದ ನೀರು ಹೊರಹೋಗುವ ಜಾಲರಿಯ ಬಾಯಿ) ನಾಲ್ಕೈದು ಬಕೆಟ್ ನೀರು, ಅದಕ್ಕೆ ತಿಂಡಿಗೆ ಹಾಕುವ ಕೆಂಪು ಬಣ್ಣ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಬಣ್ಣ ಕಂಡರೆ ಮುಗಿಯಿತು. ಕಾಣದಿದ್ದರೆ ಸೋರಿಕೆ ಇಲ್ಲ ಎಂದಲ್ಲ, ಗಾರೆ ಮತ್ತು ಇಟ್ಟಿಗೆ ಚೂರು ಬಣ್ಣವನ್ನು ಸೋಸಿಬಿಡುತ್ತವೆ. ಮೀಟರಿನ ಅಂಕಿ ಏರಿತೇ ಎಂದು ಮರುದಿನ ನೋಡಬೇಕು. ಕೊನೆಯದು ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದಲ್ಲಿ ಒಂದಂಗುಲ ನೀರು 24 ಗಂಟೆ ನಿಲ್ಲಿಸುವುದು. ಆಗ ಮಾತ್ರ ಗೋಡೆ ಹಸಿಯಾದರೆ ತಪ್ಪು ಟೈಲ್ಸ್ ಸಂದುಗಳದ್ದು ಅಥವಾ ಅದರಡಿಯ ವಾಟರ್‌ಪ್ರೂಫಿಂಗಿನದು.

ಮೂರನ್ನೂ ಒಂದೇ ದಿನ ಮಾಡಿದರೆ ಯಾವ ನೀರು ಎಲ್ಲಿಗೆ ಬಂತು ಎಂದು ಯಾರಿಗೂ ತಿಳಿಯದು. ಒಳ್ಳೆಯ ಸೇವೆಯವರು ಎರಡು ಮೂರು ಸಲ ಬರುತ್ತಾರೆ. ಬುಕ್ ಮಾಡುವಾಗಲೇ ಕೇಳಬೇಕಾದ ಪ್ರಶ್ನೆ ಅದು. ಹೊರಗೋಡೆಯಾದರೆ ಪೈಪಿನಿಂದ ನೀರು ಹಾಯಿಸುವ ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಒಂದೊಂದು ಪಟ್ಟಿಗೆ ಕಾಲು ಗಂಟೆಯಂತೆ ಮಾಡಬೇಕು. ಮೇಲಿನಿಂದ ಶುರು ಮಾಡಿದರೆ ಕೆಳಗಿನ ಬಿರುಕೆಲ್ಲ ಒಟ್ಟಿಗೇ ನೆನೆದು ಬಿರುಕು ಯಾವುದೆಂದು ಸಿಗುವುದಿಲ್ಲ.

ವರದಿಯಲ್ಲಿ ಇರಲೇಬೇಕಾದ್ದು: ಮನೆಯ ಪೂರ್ತಿ ವಿಳಾಸ, ದಿನಾಂಕ, ಗಂಟೆ, ಒದ್ದೆ ಗೋಡೆಯ ಅಂಕಿ ಮತ್ತು ಹೋಲಿಕೆಗೆ ಒಣ ಗೋಡೆಯ ಅಂಕಿ, ಯಾವ ಪರೀಕ್ಷೆ ಎಷ್ಟು ಹೊತ್ತು, ಕಾರಣ ಏನು, ಅದು ಮನೆಯೊಳಗಿನ ಭಾಗವೋ ಸಾಮಾನ್ಯ ಭಾಗವೋ ಮೇಲಿನ ಮನೆಯದೋ, ಕೊನೆಯಲ್ಲಿ ಸಹಿ. ಜೊತೆಗೆ ಬಿಲ್. “ಸೀಪೇಜ್ ಕಂಡುಬಂದಿದೆ” ಎಂಬ ಒಂದು ಸಾಲಿನ ವರದಿಗೆ ದುಡ್ಡು ಕೊಡಬೇಡಿ, ಅದು ನಿಮಗೆ ಮೊದಲೇ ಗೊತ್ತಿದ್ದ ಸಂಗತಿ.

ನೆಲದಿಂದ ಮೂರಡಿಯೊಳಗೆ ಬಿಳಿ ಉಪ್ಪು ಹೂವಿನಂತೆ ಅರಳಿ ಬಣ್ಣ ಉದುರುವ ನೆಲಮಹಡಿ ಮನೆಗಳಿಗೆ ಇಷ್ಟೆಲ್ಲ ಬೇಡ. ಅದು ಮಣ್ಣಿನಿಂದ ಏರುವ ತೇವ, ಪಾಯದಲ್ಲೇ ತಡೆ ಹಾಕಿಲ್ಲದ ದೋಷ. ತಾರಸಿಯ ಸೋರಿಕೆಯೂ ಬೇಗ ಗುರುತಾಗುತ್ತದೆ. ಮಳೆ ಬಂದ ಮರುದಿನ ಕಲೆ ದೊಡ್ಡದಾಗುತ್ತದೆ, ಹೆಚ್ಚಾಗಿ ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯ ಅಡಿಯಲ್ಲಿ.

ಮುಚ್ಚಿಹಾಕುವ ಸಾಮಾನುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಗಳು ಬಟ್ಟೆಯ ಬೀರುವಿಗೆ ಒಳ್ಳೆಯವು, ಕೆಲವು ನೂರು ಮಿಲಿ ಲೀಟರ್ ನೀರು ಹಿಡಿದು ಮುಗಿಯುತ್ತವೆ. ಸೋರುವ ಗೋಡೆಗೆ ಅವು ಲೆಕ್ಕಕ್ಕಿಲ್ಲ. ಗಾಳಿಯ ತೇವ ಹೀರುವ ಯಂತ್ರ ಡಿಹ್ಯುಮಿಡಿಫೈಯರ್; ಅದರಲ್ಲಿ ಕಂಪ್ರೆಸರ್ ಇಲ್ಲದ, ಅಂಗೈ ಗಾತ್ರದ ಪೆಲ್ಟಿಯರ್ ಬಗೆಯದು ದಿನಕ್ಕೆ ಅರ್ಧ ಲೀಟರ್ ತೆಗೆದರೆ ಹೆಚ್ಚು. ಕಂಪ್ರೆಸರ್ ಇರುವ ದೊಡ್ಡದು ದಿನಕ್ಕೆ ಹತ್ತು ಲೀಟರ್ ದಾಟಿ ತೆಗೆಯಬಲ್ಲದು, ರಿಪೇರಿ ಆದ ಮೇಲೆ ಗೋಡೆ ಒಣಗಿಸಲು ಬಾಡಿಗೆಗೆ ತರಬಹುದು. ರಿಪೇರಿಗೆ ಮುಂಚೆ ತಂದರೆ ಕರೆಂಟ್ ಬಿಲ್ ಮಾತ್ರ ಏರುತ್ತದೆ. ಡಾ. ಫಿಕ್ಸಿಟ್ ಎಲ್‌ಡಬ್ಲ್ಯೂ ಪ್ಲಸ್ ಥರದ ದ್ರವ 50 ಕೆಜಿ ಸಿಮೆಂಟ್ ಮೂಟೆಗೆ 200 ಮಿಲಿಯಂತೆ ಹೊಸ ಗಾರೆಯೊಳಗೆ ಕಲಸುವಂಥದ್ದು. ಅದನ್ನು ಬ್ರಷ್‌ನಲ್ಲಿ ಹಳೇ ಗೋಡೆಗೆ ಬಳಿಯುವವರೂ ಇದ್ದಾರೆ, ಅದರಿಂದ ಏನೂ ಆಗುವುದಿಲ್ಲ. ಬೂಷ್ಟು ನಿರೋಧಕ ಬಣ್ಣ ಒಳ್ಳೆಯ ಬಣ್ಣವೇ, ಆದರೆ ಒಣಗೋಡೆಗೆ. ಹಸಿ ಗೋಡೆಗೆ ಹಚ್ಚಿದರೆ ಒಳಗಿನ ನೀರು ಪುಟ್ಟಿಯ ಸಮೇತ ಅದನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ನೆನೆದ ಇಟ್ಟಿಗೆ ಗೋಡೆ ಒಣಗಲು ಒಂದಂಗುಲ ದಪ್ಪಕ್ಕೆ ಒಂದು ತಿಂಗಳು ಎನ್ನುವುದು ಕಟ್ಟಡ ಕೆಲಸದ ಅಂದಾಜು. ಬಚ್ಚಲ ನೆಲದಡಿಯ ತುಂಬಿಕೆಯಲ್ಲಿ ನೀರು ನಿಂತಿದ್ದರೆ ರಿಪೇರಿಯಾದ ಮೇಲೂ ವಾರಗಟ್ಟಲೆ ಒಸರುತ್ತದೆ. ಇದು ತಿಳಿಯದೆ “ರಿಪೇರಿ ಫೇಲ್” ಎಂದು ಜಗಳ ತೆಗೆಯುವವರು ಎರಡೂ ಕಡೆ ಇದ್ದಾರೆ.

ಬೂಷ್ಟನ್ನು ಹಾಗೇ ಬಿಡಬೇಕೆಂದಲ್ಲ. ಉಬ್ಬಸ, ಅಲರ್ಜಿ ಇರುವವರಿಗೆ, ಮಕ್ಕಳಿಗೆ ಅದು ಕೆಟ್ಟದ್ದು. ಮೊದಲು ಫೋಟೊ, ಆಮೇಲೆ ಸ್ವಚ್ಛತೆ. ಮೂರಡಿ ಚೌಕದೊಳಗಿನದನ್ನು ಎನ್95 ಮಾಸ್ಕ್, ಕೈಗವಸು ಹಾಕಿ, ಕಿಟಕಿ ತೆಗೆದು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಬಹುದು. ಒಣ ಬ್ರಷ್‌ನಲ್ಲಿ ಉಜ್ಜಿದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಟೈಲ್ಸ್ ಮೇಲೆ ದ್ರವ ಬ್ಲೀಚ್ ಬಳಸುವುದಾದರೆ ಒಂದು ಲೀಟರ್ ನೀರಿಗೆ 60 ಮಿಲಿ ಮೀರಬಾರದು. ಕಮೋಡ್ ತೊಳೆಯುವ ಹಾರ್ಪಿಕ್ ಥರದ ಆಸಿಡ್ ಜೊತೆಗೆ ಬ್ಲೀಚನ್ನು ಎಂದೂ ಬೆರೆಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿಯಿಲ್ಲದ ಚಿಕ್ಕ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರಬಹುದು. ತೇವ ಸ್ವಿಚ್‌ಬೋರ್ಡಿನ ಹತ್ತಿರ ಬಂದಿದ್ದರೆ ಬೋರ್ಡು ಮುಟ್ಟದೆ ಮೊದಲು ಎಂಸಿಬಿ (ಮೀಟರ್ ಅಥವಾ ಮೇನ್ ಬಾಕ್ಸಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸಿ.

ಈಗ ಕಾಗದದ ಕಡೆಗೆ. ಬಾಡಿಗೆದಾರರ ರಕ್ಷಣೆ ಎಂದರೆ ಎಲ್ಲರೂ ನೆನೆಯುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಇವತ್ತಿನ ಬಹುಪಾಲು ಮನೆಗಳು ಅದರ ಹೊರಗೆ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಮಾಲೀಕರಿಗೆ ಗೊತ್ತಿದ್ದ, ಬಾಡಿಗೆಗೆ ಬರುವವರ ಕಣ್ಣಿಗೆ ಸಹಜವಾಗಿ ಬೀಳದ ಗಂಭೀರ ದೋಷವನ್ನು ಮೊದಲೇ ಹೇಳಬೇಕು ಎನ್ನುತ್ತದೆ ಅದರ ‘ಎ’ ಖಂಡ. ಹೊಸ ಬಣ್ಣದ ಅಡಿಯಲ್ಲಿ ಹಳೇ ಸೋರಿಕೆ ಮುಚ್ಚಿ ಮನೆ ತೋರಿಸಿದ್ದರೆ ನೆನಪಿಡಬೇಕಾದ ಖಂಡ ಇದು. ತಾನು ಮಾಡಿಸಲೇಬೇಕಾದ ರಿಪೇರಿಯನ್ನು ಮಾಲೀಕರು ನೋಟಿಸ್ ಬಂದ ಮೇಲೂ ಸಾಕಷ್ಟು ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ ‘ಎಫ್’ ಖಂಡ.

ಎಡವುವುದು ‘ಮಾಡಿಸಲೇಬೇಕಾದ’ ಎಂಬ ಮಾತಿನಲ್ಲಿ. ಯಾವ ರಿಪೇರಿ ಯಾರದು ಎಂದು ಆ ಖಂಡ ಪಟ್ಟಿ ಕೊಡುವುದಿಲ್ಲ, ಮತ್ತು ಕರಾರಿನಲ್ಲಿ ಬೇರೆ ಬರೆದಿದ್ದರೆ ಕರಾರೇ ನಡೆಯುತ್ತದೆ. ಸ್ಟಾಂಪ್ ಪೇಪರ್ ಮಾಡಿಕೊಡುವವರ ಕಂಪ್ಯೂಟರಿನಲ್ಲಿರುವ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ‘ಎಲ್ಲ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಎಂಬ ಸಾಲು ಇರುತ್ತದೆ, ದೊಡ್ಡ ರಿಪೇರಿಯ ಮಾತೇ ಇರುವುದಿಲ್ಲ. ಸಹಿಗೆ ಮುಂಚೆ ಈ ಸಾಲುಗಳನ್ನು ಸೇರಿಸಲು ಕೇಳಿ: ‘ತಾರಸಿ, ಹೊರಗೋಡೆ, ಗೋಡೆ ಹಾಗೂ ನೆಲದೊಳಗಿನ ನೀರಿನ ಮತ್ತು ಚರಂಡಿ ಪೈಪು, ಬಚ್ಚಲಿನ ವಾಟರ್‌ಪ್ರೂಫಿಂಗ್, ಇವುಗಳ ರಿಪೇರಿ ಮಾಲೀಕರ ಹೊಣೆ. ಲಿಖಿತ ತಿಳಿವಳಿಕೆ ತಲುಪಿದ 15 ದಿನಗಳಲ್ಲಿ ಮಾಡಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.’ ಇದು ಅತಿಯಾದ ಬೇಡಿಕೆಯೇನೂ ಅಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯೂ ರಚನೆಯ ರಿಪೇರಿ, ಪೈಪು ಬದಲಿಸುವುದು, ಗೋಡೆಗೆ ಸುಣ್ಣಬಣ್ಣ ಇವನ್ನು ಮಾಲೀಕರಿಗೆ, ನಲ್ಲಿಯ ವಾಷರ್, ಚರಂಡಿ ಸ್ವಚ್ಛತೆ, ಗೀಸರ್ ರಿಪೇರಿಗಳನ್ನು ಬಾಡಿಗೆದಾರರಿಗೆ ಹಂಚಿದೆ. ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರಷ್ಟೇ ಜಾರಿ. ಆದರೆ ಮಾತುಕತೆಯಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ.

ಪತ್ರ ಚಿಕ್ಕದಾಗಿರಲಿ: ‘ಮಾನ್ಯರೇ, ಹಿಂದಿನ ಬೆಡ್‌ರೂಮಿನ ಪೂರ್ವದ ಗೋಡೆಯಲ್ಲಿ ನೆಲದಿಂದ 2 ಅಡಿ ಎತ್ತರ, 4 ಅಡಿ ಅಗಲಕ್ಕೆ ತೇವ ಮತ್ತು ಬೂಷ್ಟು ಇದೆ. ಲಗತ್ತಿಸಿದ ವರದಿಯಂತೆ ಪಕ್ಕದ ಬಚ್ಚಲಿನ ನಹಾನಿ ಟ್ರ್ಯಾಪಿನ ಸುತ್ತ ಸೋರಿಕೆ ಇದೆ. ದಯವಿಟ್ಟು 15 ದಿನಗಳೊಳಗೆ ರಿಪೇರಿ ಮಾಡಿಸಿಕೊಡಿ. ಆಗದಿದ್ದರೆ ಕರಾರು ಮತ್ತು ಆಸ್ತಿ ವರ್ಗಾವಣೆ ಕಾಯ್ದೆಯ 108(ಎಫ್) ಪ್ರಕಾರ ನಾನೇ ಮಾಡಿಸಿ ಬಿಲ್ಲಿನ ಮೊತ್ತವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ. ಕೆಲಸದವರು ಬರುವ ದಿನ ತಿಳಿಸಿದರೆ ಮನೆಯಲ್ಲಿ ಇರುತ್ತೇನೆ.’ ಕೊನೆಯ ಸಾಲು ಬಿಡಬೇಡಿ. ‘ಬಾಗಿಲೇ ತೆಗೆಯಲಿಲ್ಲ’ ಎಂಬ ಆರೋಪಕ್ಕೆ ಅದೇ ಉತ್ತರ. ಪತ್ರವನ್ನು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ, ಅದರ ಫೋಟೊವನ್ನು ವಾಟ್ಸ್ಆ್ಯಪಿನಲ್ಲೂ ಹಾಕಿ. ಮುರಿದುಕೊಳ್ಳುವ ಮುಂಚೆ ಬೇರೆ ಬೇರೆಯವರಿಂದ ಎರಡು ಕೊಟೇಶನ್ ತೆಗೆದುಕೊಂಡು ಓನರ್‌ಗೆ ಕಳಿಸಿ, ಕಡಿಮೆಯದನ್ನು ಮಾಡಿಸಿ. ಬಾಡಿಗೆಯನ್ನು ಪೂರ್ತಿ ನಿಲ್ಲಿಸುವ ತಪ್ಪು ಮಾತ್ರ ಬೇಡ. ಸೋರಿಕೆಯ ಪ್ರಕರಣ ಆಗ ಬಾಡಿಗೆ ಬಾಕಿಯ ಪ್ರಕರಣವಾಗಿ ತಿರುಗಿ ಮನೆ ಬಿಡಿಸಲು ಅವರಿಗೇ ಕಾರಣ ಸಿಗುತ್ತದೆ. ಉಳಿದ ಮೊತ್ತವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕಟ್ಟಿ.

ನೀರು ಮೇಲಿನ ಫ್ಲಾಟಿನಿಂದ ಅಥವಾ ಡಕ್ಟಿನ, ಅಂದರೆ ಎಲ್ಲ ಮನೆಗಳ ಪೈಪು ಇಳಿಯುವ ಕಿಂಡಿಯ, ಪೈಪಿನಿಂದ ಬರುತ್ತಿದೆ ಎಂದು ವರದಿ ಹೇಳಿದರೆ, ಅದೇ ಪತ್ರದ ಪ್ರತಿಯನ್ನು ಅಪಾರ್ಟ್‌ಮೆಂಟಿನ ಮಾಲೀಕರ ಅಸೋಸಿಯೇಷನ್ನಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಬಾಡಿಗೆದಾರರು ಸದಸ್ಯರಲ್ಲ ಎಂದು ತಳ್ಳಿಹಾಕಿದರೆ ಓನರ್ ಹೆಸರಿನಲ್ಲೇ ದೂರು ಹೋಗಲಿ. ಕಟ್ಟಡ ಹೊಸದಾಗಿದ್ದರೆ ಓನರ್‌ಗೆ ಒಂದು ಸಂಗತಿ ನೆನಪಿಸಿ. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14(3) ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ತಿಳಿಸಿದ ರಚನೆಯ ಮತ್ತು ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು. ಆ ಹಕ್ಕು ಓನರ್‌ದು, ಪುರಾವೆ ನಿಮ್ಮ ಕೈಯಲ್ಲಿರುವ ವರದಿ. ತನ್ನ ಜೇಬಿನಿಂದ ಹೋಗದು ಎಂದು ಗೊತ್ತಾದರೆ ಅವರೂ ಬೇಗ ಓಡಾಡುತ್ತಾರೆ.

ಇಷ್ಟಾದರೂ ಬಗ್ಗದಿದ್ದರೆ ಕೋರ್ಟಿಗೆ ಮುಂಚೆ ಒಂದು ಸೇವೆ ಇದೆ. ಇಡೀ ವಿಮರ್ಶೆಯಲ್ಲಿ ಇದಕ್ಕೇ ನಮ್ಮ ಹೆಚ್ಚಿನ ಅಂಕ. ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್ ಮೂಲಕ ದಾವೆ ಹೂಡುವ ಮುಂಚೆಯೇ ರಾಜಿ ಮಾಡಿಸುತ್ತದೆ, ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದೆ, ಮೇಲ್ಮನವಿಗೆ ದಾರಿಯಿಲ್ಲ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಇದೆ. ಕುಂದು ಒಂದೇ: ರಾಜಿಗೆ ಎರಡೂ ಕಡೆಯವರು ಒಪ್ಪಬೇಕು. ಹೋಗುವಾಗ ಅಗ್ರಿಮೆಂಟ್, ಅಂಚೆ ಸ್ವೀಕೃತಿ, ವರದಿ, ಬಿಲ್ಲು, ದಿನಾಂಕವಿರುವ ಫೋಟೊಗಳನ್ನು ಕ್ರಮವಾಗಿ ಜೋಡಿಸಿಕೊಂಡು ಹೋಗಿ. ವಾಟ್ಸ್ಆ್ಯಪ್ ಮಾತುಕತೆ ಇರುವ ಫೋನನ್ನು ಬದಲಿಸಬೇಡಿ, ಚಾಟ್ ಅಳಿಸಬೇಡಿ. ಮುಂದೆ ಕೋರ್ಟಿಗೆ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ, ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರ ಬೇಕಾಗುತ್ತದೆ.

ಮನೆ ಬಿಡುವಾಗಿನ ಲೆಕ್ಕವೂ ಈ ಕಾಗದಗಳಿಗೇ ಬಂದು ನಿಲ್ಲುತ್ತದೆ. ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಅದನ್ನು ತಪ್ಪಿಸುವುದು ಕಷ್ಟ. ಅದರ ಮೇಲೆ ತೇವದ ಕಲೆಗೆಂದು ಇನ್ನಷ್ಟು ಹಿಡಿಯಲು ಬಂದರೆ ಒಪ್ಪಬೇಕಾಗಿಲ್ಲ. ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ ಎಂದು ಅದೇ 108ರ ‘ಎಂ’ ಖಂಡದಲ್ಲಿದೆ, ಕಲೆಯ ಕಾರಣ ಪೈಪು ಎಂದು ವರದಿಯಲ್ಲಿದೆ. ಕೀ ಕೊಡುವ ದಿನ ಇಬ್ಬರೂ ಒಟ್ಟಿಗೆ ಕೋಣೆ ಕೋಣೆ ನೋಡಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಕೀ ಅದರ ನಂತರ ಕೊಡಿ.